ಬಂಗಾರದ ಸರಪಳಿ ಇರೋ ಬಿಳಿ ನಾಯಿ ಗೊಂಬೆ ಜೋಡಿ: ಹಳೇದೋ ಹೊಸದೋ ಹೆಂಗ ಗುರುತಿಸೋದು?

ಉಣಕಲ್_ಕಪಾಟು (ಪ್ರಶ್ನೆ)

ಹುಬ್ಬಳ್ಳಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬರ ಹತ್ತಿರ ಕೂತ ಭಂಗಿಯ, ಮೆರುಗು ಕೊಟ್ಟ ಮಣ್ಣಿನ ಒಂದು ಜೋಡಿ ನಾಯಿ ಗೊಂಬೆ ಮಾರಾಟಕ್ಕಿವೆ. ಎತ್ತರ ಸುಮಾರು 12 ಇಂಚು. ಬಿಳಿ ಮೈ, ಕಿವಿ ಮತ್ತು ಬೆನ್ನ ಮೇಲೆ ಕೆಂಗಂದು ಮಚ್ಚೆ, ಕೊರಳಲ್ಲಿ ಬಂಗಾರದ ಬಣ್ಣದ ಸರಪಳಿ ಮತ್ತು ಬೀಗ. ಮೈಮೇಲೆ ಕೂದಲೆಳೆಯಂಥ ಬಿರುಕುಗಳಿವೆ. ಒಂದರ ತಳದಲ್ಲಿ ಮಾತ್ರ ನೀಲಿ ಮುದ್ರೆ. "ರೈಲ್ವೆ ಬಂಗಲೆಯ ಮಾಲು, ಬ್ರಿಟಿಷರ ಕಾಲದ್ದು" ಅನ್ನುವುದು ಅವರ ಮಾತು. ಜೊತೆಗೆ ಮೈಲಾರಲಿಂಗನ ಹಿತ್ತಾಳೆ ತಗಡೊಂದಿದೆ, ಕುದುರೆಯ ಕಾಲ ಬಳಿ ನಾಯಿ. ಎರಡನ್ನೂ ಒಟ್ಟಿಗೆ ಕೊಡ್ತಾರಂತೆ. ದುಡ್ಡು ಕೊಡುವ ಮೊದಲು ಏನೇನು ನೋಡಬೇಕು? ನಾಯಿಗಳ ಮೇಲೆ ಕಪ್ಪು ಜಿಡ್ಡು ಕೂತಿದೆ, ತೊಳೆಯಬಹುದಾ?

ಮಣ್ಣು_ಮೆರುಗು, ಧಾರವಾಡ

ಮುದ್ರೆ ಕಡೀಗೆ ನೋಡ್ರಿ. ಮೊದಲು ತಳಾ ನೋಡ್ರಿ.

ನೀವು ಹೇಳಿದ್ದು ಸ್ಟಾಫರ್ಡ್‌ಷೈರ್ ಸ್ಪ್ಯಾನಿಯಲ್ (ಉದ್ದ ಕಿವಿಯ ನಾಯಿ ತಳಿ) ಮಾದರಿ. 19ನೇ ಶತಮಾನದಾಗ ಇಂಗ್ಲೆಂಡಿನ ಆ ಸೀಮಿಯ ಕಾರ್ಖಾನೆಗಳು ಇಂಥವನ್ನ ರಾಶಿಗಟ್ಟಲೆ ಮಾಡಿದ್ವು, ಅಗ್ಗಿಷ್ಟಿಕೆ ಮ್ಯಾಲಿನ ಹಲಗಿಯ ಎರಡೂ ತುದಿಗೆ ಕೂಡಸಾಕ. ಇವು ಪೋರ್ಸೆಲಿನ್ ಅಲ್ಲ, ಸುಟ್ಟ ಬಿಳಿಮಣ್ಣಿನ ಮ್ಯಾಲೆ ಮೆರುಗು ಕೊಟ್ಟಿದ್ದು. ಬಡವರ ಮನಿ ಅಲಂಕಾರಕ್ಕ ಮಾಡಿದ ಅಗ್ಗದ ಮಾಲು, ಹಂಗಾಗಿ ಬಹಳಷ್ಟು ಹಳೇವಕ್ಕ ಮುದ್ರೇನ ಇರಂಗಿಲ್ಲ.

ಹಳೇ ಪದ್ಧತಿ ಒತ್ತಚ್ಚು. ರೊಟ್ಟಿ ಹಂಗ ತಟ್ಟಿದ ಮಣ್ಣನ್ನ ಎರಡು ಅರ್ಧ ಅಚ್ಚಿನೊಳಗ ಬೆರಳಿಲೆ ಒತ್ತಿ, ಎರಡನ್ನೂ ಕೂಡಿಸಿ, ಜೋಡಣಿ ಗೆರಿ ಒರೆಸ್ತಿದ್ರು. ಭಟ್ಟಿಯೊಳಗ ಕಾದ ಗಾಳಿ ಹೊರಗ ಹೋಗಾಕ ಒಂದು ಸಣ್ಣ ತೂತು ಸಾಕು, ಬೆಂಕಿಕಡ್ಡಿ ಹೊಕ್ಕುವಷ್ಟು. ಈಗಿನ ನಕಲು ಎರಕದ್ದು: ಮಣ್ಣಿನ ಗಂಜಿಯನ್ನ ಪ್ಲಾಸ್ಟರ್ ಅಚ್ಚಿಗೆ ಸುರುವಿ, ಗ್ವಾಡಿ ಕಟ್ಟಿದ ಮ್ಯಾಲೆ ಉಳಿದದ್ದನ್ನ ಹೊರಗ ಬಸೀತಾರ. ಬಸಿಯಾಕ ತೂತು ದೊಡ್ಡದು ಬೇಕು, ಕಿರುಬೆರಳು ಹೋಗುವಷ್ಟು. ಟಾರ್ಚ್ ಬಿಟ್ಟು ನೋಡಿದ್ರ ಒಳಮೈ ನುಣ್ಣಗ, ಹೊರಗಿನ ಉಬ್ಬು-ತಗ್ಗನ್ನ ಹಂಗಹಂಗ ಹಿಂಬಾಲಿಸಿರತೈತಿ. ಒತ್ತಚ್ಚಿನದಾದ್ರ ದಪ್ಪ ಒಂದೇ ಸಮ ಇರಂಗಿಲ್ಲ, ಕೈಯಾಗ ಹಿಡಿದಾಗ ಭಾರ ಒಂದು ಕಡೆ ವಾಲಿದಂಗ ಅನಸತೈತಿ. ಆದ್ರ 19ನೇ ಶತಮಾನದ ಕೊನಿಗೆ ಕೆಲವು ಕಡೆ ಎರಕಾನೂ ಬಂದಿತ್ತು. ತೂತು ಒಂದ ನೋಡಿ ತೀರ್ಪು ಕೊಡಬ್ಯಾಡ್ರಿ.

ಮುಂಗಾಲು ನೋಡ್ರಿ. ಒಳ್ಳೆ ಕಾಲದ ನಾಯಿಗೆ ಒಂದೋ ಎರಡೋ ಮುಂಗಾಲನ್ನ ಬ್ಯಾರೆ ಮಾಡಿ ಅಂಟಿಸಿರ್ತಾರ, ಕಾಲು ಮತ್ತು ಎದಿ ನಡುವ ಬೆಳಕು ಹಾಯತೈತಿ. ಆಮ್ಯಾಲೆ ಖರ್ಚು ಉಳಿಸಾಕ ಕಾಲನ್ನ ಮೈಗೆ ಹತ್ತಿಸೇ ಅಚ್ಚು ಮಾಡಿದ್ರು.

ಬಂಗಾರ: ಹಳೇದು ಜೇನಿನ ಬಣ್ಣ, ಮೆತ್ತಗಿನ ಹೊಳಪು, ಕುಂಚದ ಗುರುತು ಕಾಣತೈತಿ. 1880ರ ದಶಕದ ಈಚೆಗೆ ದ್ರವ ಬಂಗಾರ ಬಂತು. ಅದು ಕನ್ನಡಿ ಹಂಗ ಝಗಝಗ, ಬೆರಳು ತಾಗಿ ತಾಗಿ ಬ್ಯಾಗ ಸವೀತೈತಿ.

ಬಿರುಕಿನ ಬಗ್ಗೆ ಒಂದು ಮಾತು. ಮಣ್ಣು ವರ್ಷಗಟ್ಟಲೆ ತೇವ ಹೀರಿ ಸ್ವಲ್ಪ ಹಿಗ್ಗತೈತಿ, ಮ್ಯಾಲಿನ ಮೆರುಗು ಹಿಗ್ಗಂಗಿಲ್ಲ, ಅದಕ್ಕ ಸೀಳತೈತಿ. ಇಂಥ ಬಿರುಕು ಸಣ್ಣದು, ಒಂದು ಕಡೆ ದಟ್ಟ, ಇನ್ನೊಂದು ಕಡೆ ಇಲ್ಲವೇ ಇಲ್ಲ. ನಕಲಿ ನಾಯಿಗೆ ತಲಿಯಿಂದ ಬಾಲದ ತನಕ ದೊಡ್ಡ ಕಣ್ಣಿನ ಬಲೆ ಹಂಗ ಬಿರುಕು, ಎಲ್ಲಾ ಗೆರಿಯೊಳಗೂ ಒಂದೇ ಕಂದು ಬಣ್ಣ. ಅದು ಬೇಕಂತ ತುಂಬಿದ್ದು.

ಮುದ್ರೆಯೊಳಗ "ಇಂಗ್ಲೆಂಡ್" ಅಂತ ಇದ್ರ ಸಾಮಾನ್ಯವಾಗಿ 1891ರ ಈಚಿಂದು, ಅಮೆರಿಕದ ಸುಂಕದ ಕಾಯ್ದೆಗಾಗಿ ದೇಶದ ಹೆಸರು ಹಾಕೋದು ಶುರುವಾಯ್ತು. "ಮೇಡ್ ಇನ್ ಇಂಗ್ಲೆಂಡ್" ಇದ್ರ 20ನೇ ಶತಮಾನದ್ದು. ಬರ್ಸ್ಲೆಮ್ ಊರಿನ ವಿಲಿಯಂ ಕೆಂಟ್ ಕಾರ್ಖಾನೆ ಹಳೇ ಮಾದರಿಗಳನ್ನ 1960ರ ದಶಕದ ಆರಂಭದ ತನಕ ಮಾಡ್ತಿತ್ತು. ಅವು ನಕಲಲ್ಲ, ಆದ್ರ ವಿಕ್ಟೋರಿಯಾ ಕಾಲದ ರೊಕ್ಕ ಕೊಡಬಾರದು. ರೈಲ್ವೆ ಬಂಗಲೆ ಕಥಿಗೆ ಅಂತೂ ಒಂದು ಪೈಸೆ ಹೆಚ್ಚಿಗಿ ಕೊಡಬ್ಯಾಡ್ರಿ. ನಮ್ಮ ಕಡೆ ಪ್ರತಿ ಹಳೇ ಗಡಿಯಾರಕ್ಕೂ ಅದೇ ವಿಳಾಸ.

ನೇರಳೆ_ಬೆಳಕು

ಮೇಲಿನದಕ್ಕೆ ಸೇರಿಸುವುದು ಎರಡು. ಮೊದಲನೆಯದು ಜೋಡಿಯ ವಿಷಯ. ನಿಜವಾದ ಜೋಡಿ ಕನ್ನಡಿಬಿಂಬದಂತೆ ಇರುತ್ತದೆ: ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಲೆ ತಿರುಗಿಸಿರುತ್ತದೆ. ಎತ್ತರದಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ. ಆದರೆ ಹುಬ್ಬು, ಮೀಸೆಯ ಚುಕ್ಕಿ, ಸರಪಳಿಯ ಕೊಂಡಿಗಳನ್ನು ಎಳೆದ ಕೈ ಒಂದೇ ಆಗಿರಬೇಕು. ತಳದ ಬಣ್ಣ, ತೂತಿನ ಜಾಗವೂ ಹೊಂದಬೇಕು.

ಎರಡನೆಯದು ದುರಸ್ತಿ. ಕೊರಳು, ಕಿವಿಯ ತುದಿ, ಬಿಡಿ ಮುಂಗಾಲು, ಈ ಮೂರು ಕಡೆ ಒಡೆಯುವುದೇ ಹೆಚ್ಚು. ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರ್‌ನ ಅತಿನೇರಳೆ ಟಾರ್ಚ್ ಹಾಯಿಸಿ. ಎಪಾಕ್ಸಿ ಅಂಟು ಮತ್ತು ಮೇಲೆ ಬಳಿದ ಬಣ್ಣ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ, ಹಲವು ಸಲ ನೀಲಿಬಿಳಿಯಾಗಿ ಹೊಳೆಯುತ್ತದೆ. ಅಗ್ಗದ 395ರ ಟಾರ್ಚ್‌ನಲ್ಲಿ ನೇರಳೆ ಬೆಳಕೇ ಹೆಚ್ಚಾಗಿ ಸರಿಯಾಗಿ ತಿಳಿಯುವುದಿಲ್ಲ. ಹೊಳೆಯದ ಅಂಟುಗಳೂ ಇವೆ, ಆದ್ದರಿಂದ ಉಗುರಿನಿಂದ ಮೆಲ್ಲಗೆ ತಟ್ಟಿ ಕೇಳಿ: ಗಟ್ಟಿ ಮೈ ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಟಪ್ ಅನ್ನುತ್ತದೆ.

ಉಣಕಲ್_ಕಪಾಟು

ಅಳೆದು ನೋಡಿದೆ. ಮುದ್ರೆ ಇರುವ ನಾಯಿಯ ತೂತು 14 ಮಿಲಿಮೀಟರ್, ಮುಂಗಾಲು ಮೈಗೆ ಹತ್ತಿಕೊಂಡಿವೆ, ಬಿರುಕು ಎಲ್ಲ ಕಡೆ ಒಂದೇ ರೀತಿ. ಇನ್ನೊಂದರ ತೂತು 3 ಮಿಲಿಮೀಟರ್, ಒಂದು ಕಾಲು ಬಿಡಿಯಾಗಿದೆ, ಬಂಗಾರ ಮಂಕು. ಎತ್ತರದಲ್ಲಿ ಅರ್ಧ ಇಂಚು ಫರಕು.

ಮಣ್ಣು_ಮೆರುಗು, ಧಾರವಾಡ

ಹಂಗಾದ್ರ ಜೋಡಿ ಅಲ್ಲ, ಕೂಡಾವಳಿ. ಒಂಟಿ ಆದದ್ದಕ್ಕ ಹೊಸ ಜೊತಿ ತಂದು ಕೂಡಿಸ್ಯಾರ. ಅರ್ಧ ಇಂಚಿನ ಫರಕೂ ಅದಕ್ಕ ಒಂದು ಸುಳಿವು: ಹಳೇ ನಾಯಿಯಿಂದಲೇ ಅಚ್ಚು ತಗೊಂಡು ಎರಕ ಹೊಯ್ದ್ರ, ಮಣ್ಣು ಒಣಗಿ ಸುಟ್ಟಾಗ ಕುಗ್ಗಿ ನಕಲು ಗಿಡ್ಡ ಆಗತೈತಿ. ಮುದ್ರಿದು ಗಿಡ್ಡ ಐತೇನು ನೋಡ್ರಿ. ಬರೇ ಹಳೇದನ್ನ ಕೇಳ್ರಿ. ಒಂಟಿಗೆ ಜೋಡಿ ಬೆಲೆಯ ಅರ್ಧ ಅಂದ್ರೂ ಹೆಚ್ಚಾತು, ಒಂಟಿ ಯಾವಾಗಲೂ ಅರ್ಧಕ್ಕಿಂತ ಕಡಿಮಿಗೆ ಹೋಗತೈತಿ.

ಸವಳುನೀರು, ಗದಗ

ತೊಳೆಯುವ ಪ್ರಶ್ನೆಗೆ ಉತ್ತರ: ನೀರಲ್ಲಿ ಮುಳುಗಿಸಬೇಡಿ. ತಳದ ತೂತಿನಿಂದ ನೀರು ಒಳಗೆ ಹೋದರೆ ಮೆರುಗಿಲ್ಲದ ಒಳಮಣ್ಣು ಅದನ್ನು ಹೀರುತ್ತದೆ. ಒಣಗುವಾಗ ಒಳಗಿನ ಕೊಳೆ ಬಿರುಕುಗಳ ದಾರಿ ಹಿಡಿದು ಮೇಲೆ ಬಂದು ಕಂದು ಕಲೆಯಾಗುತ್ತದೆ. ಬ್ಲೀಚ್ ಇನ್ನೂ ಕೆಟ್ಟದು, ಒಳಗುಳಿದ ಉಪ್ಪು ಹರಳುಗಟ್ಟಿ ಮೆರುಗನ್ನೇ ಚಕ್ಕೆಯಾಗಿ ಎಬ್ಬಿಸುತ್ತದೆ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಗೆರೆ ಬಿಡುವುದು ಸ್ಟೀಲ್ ತಂಬಿಗೆ ನೋಡಿದವರಿಗೆಲ್ಲ ಗೊತ್ತು. ಪೆಟ್ರೋಲ್ ಪಂಪಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ ತನ್ನಿ.

ಮೊದಲು ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯಿರಿ. ತೂತಿಗೆ ಹತ್ತಿ ಇಡಿ. ಕಾಲು ಲೀಟರ್ ನೀರಿಗೆ ಸಾದಾ ಪಾತ್ರೆ ಲಿಕ್ವಿಡ್ 2 ಹನಿ ಸಾಕು, ನಿಂಬೆ ಹಾಕಿದ್ದು ಬೇಡ. ಹತ್ತಿ ಕಡ್ಡಿ ಅದ್ದಿ, ಹಿಂಡಿ, ಮೈಮೇಲೆ ಉಜ್ಜದೆ ಉರುಳಿಸಿ. ಕೊಳೆಯಾದ ತಕ್ಷಣ ಕಡ್ಡಿ ಬದಲಿಸಿ. ಸರಪಳಿ, ಕಣ್ಣು, ಮೂಗಿನ ಬಣ್ಣಕ್ಕೆ ಮೊದಲು ಒಂದು ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಕಡ್ಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನ ಕಡ್ಡಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಎರಡು ಮೂರು ದಿನ ನೆರಳಲ್ಲಿ ಬಿಟ್ಟೇ ಕಪಾಟಿಗೆ ಇಡಿ.

ಗುಡ್ಡದ_ಓಣಿ, ರಾಣೇಬೆನ್ನೂರು

ಮೈಲಾರಲಿಂಗನ ತಗಡಿನ ಬಗ್ಗೆ. ದೇವರಗುಡ್ಡದ ಜಾತ್ರೆ ಕಂಡವರಿಗೆ ಈ ನಾಯಿ ಹೊಸದಲ್ಲ, ದೇವರ ಜೊತೆ ನಾಯಿ ಇರಲೇಬೇಕು, ಗೊರವಯ್ಯಗಳೂ ನಾಯಿಯ ಸೇವೆಯನ್ನೇ ಆಡಿ ತೋರಿಸ್ತಾರೆ. ನಿಜವಾಗಿ ಪೂಜೆಯಲ್ಲಿದ್ದ ತಗಡು ಕೈ ತಾಗುವ ಕಡೆ ಸವೆದಿರುತ್ತೆ: ದೇವರ ಮುಖ, ಕುದುರೆಯ ಎದೆ. ಸಂದಿಗಳಲ್ಲಿ ಭಂಡಾರ ಗಟ್ಟಿಯಾಗಿ ಕೂತಿರುತ್ತೆ, ಅದನ್ನು ಕೆದಕಬೇಡಿ. ಉಬ್ಬುಗೆಲಸದ ತಗಡಾದರೆ ಹಿಂದೆ ತಗ್ಗು, ಸುತ್ತಿಗೆ ಗುರುತು ಇರಬೇಕು. ಡೈ ಒತ್ತಿದ ಹೊಸ ಮಾಲು ತೆಳ್ಳಗೆ, ಅಂಚು ಕೊಯ್ದ ಹಾಗೆ ಒಂದೇ ಸಮ. ಸವೆತ ಇಲ್ಲದೆ ಬರೀ ಕಪ್ಪು ಇದ್ದರೆ, ಹಿಂಬದಿಯಲ್ಲಿ ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿ, ಬಳಿದ ಬಣ್ಣವಾದರೆ ಹತ್ತಿ ಕಪ್ಪಾಗುತ್ತೆ. ಹುಣಸೆಹಣ್ಣು, ಪೀತಾಂಬರಿ ಪುಡಿ ಹಚ್ಚಿ ಬೆಳಗಿದರೆ ನೂರು ವರ್ಷದ ಮೈಬಣ್ಣ ಹತ್ತು ನಿಮಿಷದಲ್ಲಿ ಹೋಗುತ್ತೆ.

ಕಾನೂನನ್ನೂ ನೋಡಿಕೊಳ್ಳಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಲೋಹ, ಕಲ್ಲು, ಸುಟ್ಟಮಣ್ಣಿನ ಶಿಲ್ಪಗಳಿಗೆ ನೋಂದಣಿ ಬೇಕು. ಮಾರುವ ವ್ಯಾಪಾರಿಗೆ ಪರವಾನಗಿ ಇರಬೇಕು, ನೋಂದಾಯಿಸಿದ್ದು ಕೈ ಬದಲಾದರೆ ಅಧಿಕಾರಿಗೆ ತಿಳಿಸಬೇಕು, ದೇಶದ ಹೊರಗೆ ಕಳಿಸುವ ಹಾಗಿಲ್ಲ. ತಗಡು ಯಾವ ಮನೆಯದು, ಯಾರು ಕೊಟ್ಟರು ಅನ್ನೋದನ್ನ ರಸೀದಿ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಗುಡಿಯಿಂದ ಎತ್ತಿದ್ದು ಅಂತಲೇ ತಿಳಿದು ಬಿಟ್ಟುಬಿಡಿ. ನಾಯಿ ಇರುವ ವೀರಗಲ್ಲಿನ ತುಂಡು ಯಾರಾದರೂ ತೋರಿಸಿದರೆ ಬೆಲೆಯನ್ನೂ ಕೇಳಬೇಡಿ. ಕಾಳಿ ಅನ್ನೋ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದನ್ನ ಹೇಳುವ 10ನೇ ಶತಮಾನದ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನೇರಳೆ_ಬೆಳಕು

ಹಳೆಯದನ್ನು ಕೊಂಡರೆ ಸಾಗಿಸುವಾಗ ಮೊದಲು ಬಿಡಿ ಮುಂಗಾಲಿನ ಸಂದಿಗೆ ಟಿಶ್ಯೂ ಸಡಿಲವಾಗಿ ತುಂಬಿ, ಬಿಗಿಯಾಗಿ ತುರುಕಿದರೆ ಕಾಲೇ ಮುರಿಯುತ್ತದೆ. ಬಂಗಾರದ ಮೇಲೆ ಟೇಪ್ ತಾಗಬಾರದು, ಎಳೆದಾಗ ಕಿತ್ತು ಬರುತ್ತದೆ. ಬಿಳಿ ಮೈಗೆ ಪತ್ರಿಕೆ ಸುತ್ತಿದರೆ ಬಿರುಕಿಗೆ ಮಸಿ ಇಳಿಯುತ್ತದೆ. ಒಂದು ಡಬ್ಬಿಯೊಳಗೆ ಇನ್ನೊಂದು, ನಡುವೆ ಸುತ್ತಲೂ 5 ಸೆಂಟಿಮೀಟರ್ ಮೆತ್ತೆ. ಬಸ್ಸಿನಲ್ಲಾದರೆ ಡಿಕ್ಕಿಗೆ ಹಾಕದೆ ತೊಡೆಯ ಮೇಲಿಟ್ಟುಕೊಳ್ಳಿ.