ಮನೆ ಆರೈಕೆ ಸೇವೆ: ಪ್ರಮಾಣಪತ್ರ ಬಿಟ್ಟು ಬೇರೆ ಏನು ನೋಡಬೇಕು?

ಪ್ರಶ್ನೆ

ಪಾರ್ಶ್ವವಾಯುವಾಗಿ ಬಲಗಡೆ ಸ್ವಾಧೀನವಿಲ್ಲದೆ ಹಾಸಿಗೆ ಹಿಡಿದ ಹಿರಿಯರೊಬ್ಬರಿಗೆ ಮನೆಯಲ್ಲೇ ಆರೈಕೆಗೆ ಜನ ಬೇಕು. ಮೂಗಿನಲ್ಲಿ ರೈಲ್ಸ್ ಟ್ಯೂಬ್ (ಹೊಟ್ಟೆಗೆ ಆಹಾರ ಹಾಕುವ ಕೊಳವೆ), ಮೂತ್ರಕ್ಕೆ ಕ್ಯಾತಿಟರ್, ದಿನಕ್ಕೆರಡು ಸಲ ಇನ್ಸುಲಿನ್. ವಿಚಾರಿಸಿದ ಸಂಸ್ಥೆಗಳೆಲ್ಲ ‘ತರಬೇತಿ ಪಡೆದವರನ್ನೇ ಕಳಿಸ್ತೀವಿ’ ಅನ್ನುತ್ತವೆ, ಪ್ರಮಾಣಪತ್ರ ತೋರಿಸುತ್ತವೆ. ಸಹಿ ಹಾಕುವ ಮೊದಲು ಏನೇನು ಕೇಳಬೇಕು? ಕೆಲಸ ಶುರುವಾದ ಮೇಲೆ ಆರೈಕೆ ಸರಿಯಾಗಿ ನಡೆಯುತ್ತಿದೆಯೇ ಅಂತ ನರ್ಸಿಂಗ್ ಗೊತ್ತಿಲ್ಲದ ಮನೆಯವರು ಹೇಗೆ ತಿಳಿಯುವುದು?

ಉತ್ತರ 1

ಯಾವ ಕೆಲಸ ನರ್ಸ್‌ದು, ಯಾವುದು ಕೇರ್‌ಟೇಕರ್‌ದು ಅನ್ನುವುದನ್ನು ಮೊದಲು ಬರೆಸಿಕೊಳ್ಳಿ. ಸ್ನಾನ, ಬಟ್ಟೆ, ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು ಕೇರ್‌ಟೇಕರ್ ಮಾಡಬಹುದು. ರೈಲ್ಸ್ ಟ್ಯೂಬ್ ಹಾಕುವುದು, ಕ್ಯಾತಿಟರ್ ಬದಲಿಸುವುದು ನೋಂದಾಯಿತ ನರ್ಸ್ ಅಥವಾ ವೈದ್ಯರ ಕೆಲಸ. ಟ್ಯೂಬ್ ಹೊರಬಂದರೆ ‘ನಾನೇ ಹಾಕ್ತೀನಿ’ ಅನ್ನುವ ಕೇರ್‌ಟೇಕರ್ ಎಷ್ಟೇ ಒಳ್ಳೆಯವರಾದರೂ ಬಿಡಬೇಡಿ. ಅದು ಶ್ವಾಸನಾಳಕ್ಕೆ ಇಳಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ.

ಸಂಸ್ಥೆಗೆ ಕೇಳಬೇಕಾದದ್ದು: ಕೆಲಸ ಶುರುವಾಗುವ ಮೊದಲು ನರ್ಸ್ ಮನೆಗೆ ಬಂದು ರೋಗಿಯನ್ನು ನೋಡಿ ಆರೈಕೆ ಯೋಜನೆ ಬರೆದುಕೊಡುತ್ತಾರೆಯೇ? ಮೇಲ್ವಿಚಾರಕ ನರ್ಸ್ ಎಷ್ಟು ದಿನಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ ಬರುತ್ತಾರೆಯೇ? ರಜೆ ಹಾಕಿದವರ ಬದಲಿಗೆ ಬರುವವರಿಗೆ ಈ ರೋಗಿಯ ವಿಷಯ ಯಾರು, ಹೇಗೆ ದಾಟಿಸುತ್ತಾರೆ? ಎಡವಟ್ಟು ಹೆಚ್ಚು ನಡೆಯುವುದು ಬದಲಿ ಜನ ಬಂದ ದಿನವೇ. ‘ನಾವು ನೋಡ್ಕೋತೀವಿ ಸರ್’ ಅನ್ನುವುದು ಇದಕ್ಕೆ ಉತ್ತರವಲ್ಲ. ಹೆಸರು, ಫೋನ್ ನಂಬರ್, ಸಮಯ ಕಾಗದದ ಮೇಲಿರಬೇಕು.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ. ಆದರೆ ದಿನನಿತ್ಯದ ಪರೀಕ್ಷೆ ನಡೆಯಬೇಕಾದದ್ದು ರೋಗಿಯ ಚರ್ಮದ ಮೇಲೆ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಕಿವಿಯ ಅಂಚು, ಇವನ್ನು ದಿನಕ್ಕೊಮ್ಮೆಯಾದರೂ ಒಳ್ಳೆಯ ಬೆಳಕಿನಲ್ಲಿ ಮನೆಯವರೇ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಹಾಗೇ ಕೆಂಪಾಗಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣದೇ ಹೋಗಬಹುದು. ಆಗ ಕೈಯಿಂದ ಮುಟ್ಟಿ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿ ಅಥವಾ ಮೆತ್ತಗಾಗಿದೆಯೇ ನೋಡಿ. ಅಂಥ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು ಬಹಳ ಕಡೆ ರೂಢಿ. ಮಾಡಬೇಡಿ, ಒಳಗೆ ಮೊದಲೇ ನೊಂದ ಅಂಗಾಂಶ ಇನ್ನಷ್ಟು ಹಾಳಾಗುತ್ತದೆ.

ಮಗ್ಗುಲು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಬದಲಿಸಬೇಕು. ಚರ್ಮದ ಸ್ಥಿತಿ ನೋಡಿ ನರ್ಸ್ ಈ ಅಂತರವನ್ನು ಹೆಚ್ಚುಕಡಿಮೆ ಮಾಡುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಏರ್ ಬೆಡ್ ಇದೆಯಲ್ಲ ಅಂತ ಮಗ್ಗುಲು ಬದಲಿಸುವುದನ್ನು ನಿಲ್ಲಿಸುವ ಹಾಗಿಲ್ಲ.

ದಾಖಲೆ ಪುಸ್ತಕವನ್ನೂ ಓದಿ. ರಾತ್ರಿಯಿಡೀ ಸರಿಯಾಗಿ 10, 12, 2, 4 ಗಂಟೆ, ಎಲ್ಲವೂ ಒಂದೇ ಓಟದಲ್ಲಿ ಬರೆದಂತಿದ್ದರೆ ಬೆಳಿಗ್ಗೆ ಕೂತು ತುಂಬಿಸಿದ್ದಾರೆ ಅನ್ನುವ ಅನುಮಾನ ಬರಬೇಕು. ನಿಜವಾಗಿ ಮಾಡುವವರ ದಾಖಲೆಯಲ್ಲಿ 10:10, 12:25 ಇರುತ್ತದೆ, ಎಡ ಮಗ್ಗುಲೋ ಬಲ ಮಗ್ಗುಲೋ ಅಂತಲೂ ಇರುತ್ತದೆ.

ಉತ್ತರ 3

ಟ್ಯೂಬ್ ಮತ್ತು ಇನ್ಸುಲಿನ್ ಎರಡೂ ಇರುವುದರಿಂದ ಒಂದು ಮುಖ್ಯ ಅಪಾಯ ಹೇಳಬೇಕು. ವಾಂತಿಯೋ ಟ್ಯೂಬ್ ಕಟ್ಟಿಕೊಂಡದ್ದೋ ಕಾರಣವಾಗಿ ಆಹಾರ ನಿಂತಿರುತ್ತದೆ, ಆದರೆ ಗಡಿಯಾರ ನೋಡಿ ಇನ್ಸುಲಿನ್ ಚುಚ್ಚಿಬಿಡುತ್ತಾರೆ. ಸಕ್ಕರೆ ಪ್ರಮಾಣ ಕುಸಿಯುತ್ತದೆ, ಮಾತಾಡಲಾಗದ ರೋಗಿ ಅದನ್ನು ಹೇಳುವುದೂ ಇಲ್ಲ. ಹಾಗಾಗಿ ಕ್ರಮ ಹೀಗಿರಲಿ: ಗ್ಲುಕೋಮೀಟರ್‌ನಲ್ಲಿ ಪರೀಕ್ಷೆ, ಆಹಾರ ಹೋಗುತ್ತಿದೆ ಅನ್ನುವ ಖಾತ್ರಿ, ಆಮೇಲೆ ಇನ್ಸುಲಿನ್. ಆಹಾರ ನಿಂತಿದ್ದರೆ ಡೋಸ್ ಕೊಡುವ ಮೊದಲೇ ವೈದ್ಯರಿಗೆ ಫೋನ್. 70 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ ಬಂದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕರಗಿಸಿ ಟ್ಯೂಬ್ ಮೂಲಕ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಬೇಕು.

ಪ್ರತಿ ಸಲ ಆಹಾರಕ್ಕೆ ಮೊದಲು ಮೂಗಿನ ಬಳಿ ಟ್ಯೂಬ್ ಮೇಲಿನ ಗುರುತು ಅದೇ ಅಳತೆಯಲ್ಲಿದೆಯೇ ನೋಡಬೇಕು. ಸಿರಿಂಜಿನಲ್ಲಿ ಎಳೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟ್ಯೂಬ್ ಹೊಟ್ಟೆಯಲ್ಲಿದೆ ಎಂದರ್ಥ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ವಿಧಾನ ನಂಬಿಕೆಗೆ ಅರ್ಹವಲ್ಲ. ತಲೆದೆಸೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಆಹಾರ ಮುಗಿದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ಸ್ನಾನ, ಮಗ್ಗುಲು ಎಲ್ಲ ಅದಕ್ಕೆ ಮೊದಲೇ ಮುಗಿಸಿಕೊಳ್ಳಲಿ. ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ಆಹಾರದ ಮುಂಚೆ ಮತ್ತು ನಂತರ 30 ಮಿ.ಲೀ. ನೀರು ಹಾಯಿಸಿದರೆ ಟ್ಯೂಬ್ ಕಟ್ಟಿಕೊಳ್ಳುವುದು ಕಡಿಮೆ. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡಿ ಹಾಕಬಾರದು, ಇಡೀ ದಿನದ ಡೋಸ್ ಒಮ್ಮೆಗೇ ಮೈಗೆ ಸೇರುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುತ್ತಾರೆ. ಒಬ್ಬರಿಂದಲೇ ಮಗ್ಗುಲು ಬದಲಿಸಲು ಆಗುತ್ತದೆಯೇ? ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುವುದು ಸರಿಯೇ?

ಉತ್ತರ 1

ಕಂಕುಳಿಗೆ ಕೈ ಹಾಕುವುದು ಬೇಡವೇ ಬೇಡ. ಸ್ವಾಧೀನವಿಲ್ಲದ ಕೈಯ ಭುಜದ ಕೀಲು ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ. ಬೆನ್ನಿನ ಚರ್ಮವೂ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಭುಜದಿಂದ ತೊಡೆಯವರೆಗೆ ಬರುವಂತೆ ಅಡ್ಡ ಬೆಡ್‌ಶೀಟ್ ಹಾಸಿರಿ. ಪಕ್ಕಕ್ಕೆ ವಾಲಿಸಲು ಅದರ ಅಂಚು ಹಿಡಿದು ಒಬ್ಬರೇ ಮಾಡಬಹುದು. ತಲೆದಿಂಬಿನ ಕಡೆಗೆ ಸರಿಸಲು ಎರಡೂ ಬದಿಗೆ ಒಬ್ಬೊಬ್ಬರು ಬೇಕು, ಅದಕ್ಕೆ ಮನೆಯವರೊಬ್ಬರು ಎದ್ದು ಬರುವುದೇ ಸರಿ. ಮಗ್ಗುಲು ಬದಲಿಸಿದಾಗಲೆಲ್ಲ ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿದೆಯೇ, ನೆಲಕ್ಕೆ ತಾಗಿಲ್ಲವೇ, ಕೊಳವೆ ಮೈ ಕೆಳಗೆ ಸಿಕ್ಕಿಕೊಂಡಿಲ್ಲವೇ ಅಂತ ನೋಡಲಿ.