ಪುಣೆಯಲ್ಲಿ ಎರಡು ದಿನದ ಫ್ಯಾನ್ ಫಿಕ್ಷನ್ ಕೂಟ: ಮೊದಲ ಸಲ ಹೋಗುವವಳಿಗೆ ಏನು ಹೇಳ್ತೀರಿ?

ಕೇಳಿದ್ದು, ಡೊಂಬಿವಲಿಯಿಂದ

ಆಗಸ್ಟ್‌ನಲ್ಲಿ ಒಂದು ಶನಿವಾರ-ಭಾನುವಾರ, ಪುಣೆಯ ಎರಂಡವಣೆ ಕಡೆ ಬಾಡಿಗೆ ಹಾಲ್‌ನಲ್ಲಿ, ಕನ್ನಡದಲ್ಲಿ ಫ್ಯಾನ್ ಫಿಕ್ಷನ್ (ಈಗಾಗಲೇ ಇರುವ ಕಥೆಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಕಟ್ಟುವ ಹೊಸ ಕಥೆ) ಬರೆಯುವ ಇಪ್ಪತ್ತೈದು-ಮೂವತ್ತು ಜನ ಸೇರುತ್ತಿದ್ದಾರೆ. ನಾನು ಮಹಾಭಾರತದ ಪಾತ್ರಗಳ ಮೇಲೆ, ಧಾರಾವಾಹಿ ಜೋಡಿಗಳ ಮೇಲೆ ಬರೆಯುತ್ತೇನೆ, ಬೇರೆ ಹೆಸರಿನಲ್ಲಿ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಯಾರಿಗೂ ಗೊತ್ತಿಲ್ಲ. ಪ್ರತಿಯೊಬ್ಬರಿಗೂ ಏಳು ನಿಮಿಷದ ಓದು, ಒಂದು ವಿಮರ್ಶೆಯ ಸುತ್ತು, ನೂರು ಪದದ ಡ್ರ್ಯಾಬಲ್ ಬರವಣಿಗೆ, ಅವನ್ನೆಲ್ಲ ಸೇರಿಸಿ ಒಂದು ಝೀನ್ (ನಾವೇ ಅಚ್ಚು ಹಾಕುವ ಪುಟ್ಟ ಪುಸ್ತಿಕೆ) ಇದೆಯಂತೆ. ಏನು ಒಯ್ಯಬೇಕು? ಎಲ್ಲೆಲ್ಲಿ ಎಡವಟ್ಟಾಗುತ್ತದೆ?

ಮಾಟುಂಗಾದಿಂದ

ಏಳು ನಿಮಿಷ ಅಂದರೆ ಎಷ್ಟು ಅಂತ ಮೊದಲು ಲೆಕ್ಕ ಹಾಕಿಕೊಳ್ಳಿ. ಕನ್ನಡವನ್ನು ಕೇಳುವವರ ಕಿವಿಗೆ ನಿಲ್ಲುವ ಹಾಗೆ ಓದಿದರೆ ನಿಮಿಷಕ್ಕೆ 90-100 ಪದ. ಇಂಗ್ಲಿಷಿನವರು ಹೇಳುವ 130-150ರ ಲೆಕ್ಕ ನಮಗೆ ಹೊಂದುವುದಿಲ್ಲ, ನಮ್ಮ ಪದಗಳೇ ಉದ್ದ. ಹಿನ್ನೆಲೆ ಹೇಳಲು ಮುಕ್ಕಾಲು ನಿಮಿಷ, ನಗು-ಕೆಮ್ಮಿಗೆ ಸ್ವಲ್ಪ ಬಿಟ್ಟರೆ ಕೈಯಲ್ಲಿ ಉಳಿಯುವುದು 550 ಪದ. 800 ಪದ ಒಯ್ದು "ಬೇಗ ಓದಿ ಮುಗಿಸ್ತೀನಿ" ಅಂದುಕೊಂಡವರು ಕೊನೆಯ ಎರಡು ಪ್ಯಾರಾ ನುಂಗುತ್ತಾರೆ. ಕಥೆಯ ಜೀವ ಇರುವುದು ಅಲ್ಲೇ.

ಮೊದಲ ಅಧ್ಯಾಯ ಓದಬೇಡಿ. ಕಂತಿನಲ್ಲಿ ಬರೆಯುವವರ ಮೊದಲ ಕಂತಿನಲ್ಲಿ ಅರ್ಧ ಪೀಠಿಕೆ ಇರುತ್ತದೆ, ಇನ್ನರ್ಧ ಕ್ಷಮಾಪಣೆ. ನಡುವಿನಿಂದ ಒಂದು ದೃಶ್ಯ ಆರಿಸಿ: ಎರಡು ಪಾತ್ರ, ಒಂದೇ ಜಾಗ, ಹೆಸರುಗಳು ಮೂರಕ್ಕಿಂತ ಹೆಚ್ಚು ಬೇಡ. ಹಿನ್ನೆಲೆ ಎರಡು ವಾಕ್ಯದಲ್ಲಿ ಮುಗಿಯಬೇಕು: ಮೂಲದಿಂದ ಎಲ್ಲಿ ಕವಲೊಡೆದಿರಿ, ಈಗ ಎಲ್ಲಿದ್ದೀರಿ. "ದ್ರೌಪದಿ ಕಾಡಿಗೆ ಹೋಗಲಿಲ್ಲ, ಕಾಂಪಿಲ್ಯದ ತವರಿನಲ್ಲೇ ಉಳಿದಳು ಎಂದಿಟ್ಟುಕೊಳ್ಳಿ. ಇದು ಹದಿಮೂರನೆಯ ವರ್ಷ." ಇಷ್ಟು ಸಾಕು, ಕೂತವರು ಒಳಗೆ ಬರುತ್ತಾರೆ.

ಓದುವ ಮೊದಲು ಕಥೆ ಯಾವ ವಯಸ್ಸಿನವರಿಗೆ, ಅದರಲ್ಲಿ ಹಿಂಸೆ, ಸಾವು, ಲೈಂಗಿಕ ವಿಷಯ ಇದೆಯೇ ಅಂತ ಒಂದು ಸಾಲು ಹೇಳಿ. ಎಒ3ಯಲ್ಲಿ (ಫ್ಯಾನ್ ಫಿಕ್ಷನ್ ಹಾಕುವ ಜಾಲತಾಣ) ರೇಟಿಂಗ್ ಹಾಕುವವರಿಗೆ ಇದು ಅಭ್ಯಾಸ, ಮೈಕ್ ಮುಂದೆ ಮಾತ್ರ ಮರೆತುಹೋಗುತ್ತದೆ. ವಯಸ್ಕರಿಗಷ್ಟೇ ಆದದ್ದನ್ನು ದೊಡ್ಡ ಹಾಲ್‌ನಲ್ಲಿ ಓದಬೇಡಿ. ಬೇರೆ ಕೋಣೆ ಕೇಳಿ, 18 ತುಂಬದವರು ಅಲ್ಲಿರಬಾರದು.

ಪ್ರಿಂಟ್: ಎ4, 14 ಪಾಯಿಂಟ್, ಸಾಲಿನ ಅಂತರ 1.5, ಒಂದೇ ಮಗ್ಗುಲು. ಪುಟಕ್ಕೆ ಸುಮಾರು 220 ಪದ ಹಿಡಿಯುತ್ತದೆ, ಅಂದರೆ ಮೂರು ಹಾಳೆ. ವಾಕ್ಯದ ನಡುವೆ ಪುಟ ತಿರುಗುವ ಹಾಗಿರಬಾರದು. ಸ್ಟೇಪಲ್ ಹೊಡೆಯಬೇಡಿ, ಹಾಳೆ ತಿರುಗಿಸುವ ಸದ್ದು ಮೈಕಿನಲ್ಲಿ ಗುಡುಗಿನ ಹಾಗೆ ಕೇಳುತ್ತದೆ. ಓದಿದ ಹಾಳೆಯನ್ನು ಹಿಂದಕ್ಕೆ ಜಾರಿಸಿ.

(ಉದ್ಘಾಟನೆಯಲ್ಲಿ ಯಾರಾದರೂ ಒಬ್ಬರು ಪಂಪನೇ ಮೊದಲ ಫ್ಯಾನ್ ಫಿಕ್ಷನ್ ಬರಹಗಾರ ಎಂದು ಹೇಳಿಯೇ ಹೇಳುತ್ತಾರೆ. ಚಪ್ಪಾಳೆ ತಟ್ಟಿ, ಚಹಾಕ್ಕೆ ಏಳಿ.)

ಪಿಂಪ್ರಿಯಿಂದ

ಫೈಲಿನ ಮಾತು ನಾ ಹೇಳ್ತೀನ್ರಿ. ಪುಣೆಕ್ಕ ಬಂದು ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗೋತೀನಂತ ಪೆನ್ ಡ್ರೈವ್ ಹಿಡ್ಕೊಂಡು ಬರಬ್ಯಾಡ್ರಿ. ನುಡಿ, ಬರಹದ ಹಳೇ ಆನ್ಸಿ ಫಾಂಟಿನ್ಯಾಗ ಹೊಡದದ್ದಿದ್ರ ಅವರ ಕಂಪ್ಯೂಟರ್‌ನಾಗ ಬರೇ ಇಂಗ್ಲಿಷ್ ಅಕ್ಷರದ ಕಸ ಕಾಣ್ತದ. ಯುನಿಕೋಡ್ ಇದ್ರ ಅಕ್ಷರ ಬರ್ತಾವ, ಆದ್ರ ಫಾಂಟ್ ಬದಲಾಗಿ ಮೂರು ಹಾಳಿದ್ದು ನಾಕು ಆಗ್ತದ. ಮನ್ಯಾಗ ಇದ್ದಾಗನ ಪಿಡಿಎಫ್ ಮಾಡ್ರಿ, ಫಾಂಟ್ ಒಳಗ ಕೂಡಿಸಿ. ಆ ಪಿಡಿಎಫ್ ಮೊಬೈಲ್‌ನಾಗ ತಗದು ನೋಡ್ರಿ, ಅಲ್ಲಿ ನೆಟ್ಟಗ ಕಂಡ್ರ ಅಂಗಡ್ಯಾಗೂ ಕಾಣ್ತದ.

ಹಳೇ ಫೈಲ್ ಯುನಿಕೋಡ್‌ಗೆ ಬದಲಿಸಿದ್ರ ಅರ್ಕಾವತ್ತು, ಒತ್ತಕ್ಷರ ಕಣ್ಣಿಟ್ಟು ನೋಡ್ರಿ. ಇನ್ನೊಂದು: "ಫ್ಯಾನ್‌ಗಳು" ಅಂತ ಬರಿಯೂ ಮುಂದ ನ್ ಆದಮ್ಯಾಲೆ ಒಂದು ಕಾಣದ ಅಕ್ಷರ ಇರ್ತದ. ಕಾಪಿ-ಪೇಸ್ಟ್ ಮಾಡೂ ಮುಂದ ಅದು ಉದುರಿದ್ರ "ಫ್ಯಾನ್ಗಳು" ಆಗಿ ಕೂಡ್ತದ. ನಿಮ್ಮ ಧಾರಾವಾಹಿ ನಾಯಕನ ಹೆಸರು ಅರ್ಜುನ್, ಕಿರಣ್ ಇದ್ರ ವಿಭಕ್ತಿ ಹಚ್ಚಿದಲ್ಲೆಲ್ಲ ಹಿಂಗ ಆಗ್ತದ, ಹುಡುಕಿ ತಿದ್ದ್ರಿ.

ಠಾಣೆಯಿಂದ

ಹೆಸರು ಮುಚ್ಚಿಡಬೇಕು ಅಂದಿರಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಬ್ಯಾಡ್ಜ್ ಮೇಲೆ ಕಾವ್ಯನಾಮ ಬರೆಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಬ್ಯಾಡ್ಜ್‌ನಿಂದ ಹೆಸರು ಸೋರುವುದೇ ಇಲ್ಲ, ಬೇರೆ ಕಡೆಯಿಂದ ಸೋರುತ್ತದೆ.

ಒಂದು, ಯುಪಿಐ. ಪ್ರವೇಶ ಶುಲ್ಕ ಕಳಿಸಿದ ಕ್ಷಣ, ಹಣ ಪಡೆದವರಿಗೆ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಕಾಣುತ್ತದೆ. ಸಂಘಟಕರೊಬ್ಬರಿಗೆ ಗೊತ್ತಾದರೆ ಪರವಾಗಿಲ್ಲ, ಮೊದಲೇ ಫೋನ್ ಮಾಡಿ "ಪಟ್ಟಿಯಲ್ಲಿ ಕಾವ್ಯನಾಮ ಮಾತ್ರ ಇರಲಿ" ಅಂತ ಹೇಳಿ. ಬೇಡವಾದರೆ ಲಕೋಟೆಯಲ್ಲಿ ನಗದು. ಆದರೆ ನಿಜವಾದ ಸೋರಿಕೆ ಆಗುವುದು ಊಟದ ಬಿಲ್ ಹಂಚಿಕೊಳ್ಳುವಾಗ. ಒಬ್ಬರು ಕಾರ್ಡ್ ಕೊಟ್ಟು ಉಳಿದ ಆರು ಜನ ಅವರಿಗೆ ಯುಪಿಐ ಮಾಡುತ್ತಾರೆ. 50, 100ರ ನೋಟು ಜೇಬಿನಲ್ಲಿರಲಿ.

ಎರಡು, ವಾಟ್ಸ್ಯಾಪ್ ಗುಂಪು. ನಂಬರ್ ಎಲ್ಲರಿಗೂ ಕಾಣುತ್ತದೆ. ಕರೆ ಮಾಡಿದವರ ಹೆಸರು ತೋರಿಸುವ ಆಪ್ ಒಬ್ಬರ ಫೋನಿನಲ್ಲಿದ್ದರೂ ಸಾಕು, ನಿಮ್ಮ ಸಹೋದ್ಯೋಗಿ ನಿಮ್ಮನ್ನು ಏನೆಂದು ಸೇವ್ ಮಾಡಿಕೊಂಡಿದ್ದಾರೋ ಅದು ಬಂದು ಕೂರುತ್ತದೆ. ನಂಬರ್ ಮರೆಮಾಡಬಹುದಾದ ಟೆಲಿಗ್ರಾಂ ಗುಂಪು ಮಾಡಿ ಅಂತ ಕೇಳಿ.

ಮೂರು, ಫೈಲ್. ವರ್ಡ್ ಫೈಲಿನ ಹೊಟ್ಟೆಯಲ್ಲಿ ಲೇಖಕರ ಹೆಸರು ತಾನಾಗಿ ಕೂತಿರುತ್ತದೆ, ಆಫೀಸಿನ ಲ್ಯಾಪ್‌ಟಾಪ್ ಆದರೆ ಕಂಪನಿಯ ಹೆಸರೂ. ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್: ಅಲ್ಲಿ ಅಳಿಸಿದ ಮೇಲೆ ಪಿಡಿಎಫ್ ಮಾಡಿ, ಆಮೇಲೆ ಪಿಡಿಎಫ್‌ನ ಪ್ರಾಪರ್ಟೀಸ್ ಕೂಡ ನೋಡಿ. ಗೂಗಲ್ ಡಾಕ್ಸ್‌ನಲ್ಲಿ ಟಿಪ್ಪಣಿ ಹಾಕಿದರೆ ಖಾತೆಯ ಹೆಸರು, ಫೋಟೋ ಬರುತ್ತವೆ. ಕಾವ್ಯನಾಮಕ್ಕೆ ಬೇರೆ ಜಿಮೇಲ್ ಇಟ್ಟುಕೊಳ್ಳಿ, ಕೂಟಕ್ಕೆ ಹೋಗುವ ಮೊದಲು ಫೋನಿನಲ್ಲಿ ಅದಕ್ಕೇ ಬದಲಾಯಿಸಿ.

ನಾಲ್ಕು ಯಾರಿಗೂ ಹೊಳೆಯುವುದಿಲ್ಲ: ಹಾಟ್‌ಸ್ಪಾಟ್. ಹಾಲ್‌ನ ವೈಫೈ ಕೈಕೊಟ್ಟಾಗ ಉಪಕಾರಕ್ಕೆ ಹಾಟ್‌ಸ್ಪಾಟ್ ಹಾಕುತ್ತೀರಿ, ಮೂವತ್ತು ಜನರ ಪರದೆಯ ಮೇಲೆ ನಿಮ್ಮ ಹೆಸರಿನ ಐಫೋನ್ ಬರುತ್ತದೆ. ಫೋನಿನ ಹೆಸರು, ಬ್ಲೂಟೂತ್ ಹೆಸರು ಇವತ್ತೇ ಬದಲಿಸಿ.

ಇನ್ನು ಲಾಡ್ಜ್. ಗುರುತಿನ ಚೀಟಿ ಕೊಡಲೇಬೇಕು. ಮಾಸ್ಕ್ ಮಾಡಿದ ಆಧಾರ್‌ನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಆದರೆ ಹೆಸರು ಕಾಣುತ್ತದೆ. ಕೌಂಟರಿನ ರಿಜಿಸ್ಟರ್ ತೆರೆದೇ ಇರುತ್ತದೆ, ನಿಮ್ಮ ಹಿಂದೆ ನಿಂತವರು ಮೇಲಿನ ಸಾಲು ಓದುತ್ತಾರೆ. ಒಬ್ಬೊಬ್ಬರೇ ಹೋಗಿ ಬರೆಯಿರಿ. ಕೋಣೆ ಹಂಚಿಕೊಳ್ಳುವವರಿಂದ ಹೆಸರು ಬಚ್ಚಿಡುವುದು ಆಗದ ಮಾತು, ಹಾಗಾಗಿ ಯಾರ ಜೊತೆ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಫೋಟೋ ಬೇಡದವರಿಗೆ ಬ್ಯಾಡ್ಜ್‌ಗೆ ಬೇರೆ ಬಣ್ಣದ ಲೇಸ್ ಕೊಡುವ ಪದ್ಧತಿ ಒಳ್ಳೆಯದು. ಗುಂಪಿನ ಫೋಟೋಕ್ಕೆ ಮುಂಚೆ ಅವರು ಹೊರಗೆ ಹೋಗಲಿ. "ಆಮೇಲೆ ಮುಖ ಮಸುಕು ಮಾಡ್ತೀವಿ" ಅನ್ನುವ ಮಾತಿಗೆ ಒಪ್ಪಬೇಡಿ, ಮಸುಕು ಮಾಡುವ ಮೊದಲೇ ಅದು ನಾಲ್ಕು ಸ್ಟೇಟಸ್‌ನಲ್ಲಿ ಇರುತ್ತದೆ.

ಕೋಥ್ರುಡ್‌ನಿಂದ

ವಿಮರ್ಶೆಯ ಸುತ್ತಿಗೆ ಬರುತ್ತೇನೆ. ಎರಡು ದಿನದಲ್ಲಿ ನಿಜವಾಗಿ ಕೈಗೆ ಹತ್ತುವುದು ಇದೇ, ಕೆಡುವುದೂ ಇದೇ.

ಒಂದು ಸುತ್ತಿಗೆ ಆರು ಜನ, ಏಳಾದರೆ ಬೇಡ. ಬರಹ ತಲಾ 1500-2000 ಪದ, ಹತ್ತು ದಿನ ಮೊದಲೇ ಎಲ್ಲರ ಕೈ ಸೇರಬೇಕು. ಅಲ್ಲೇ ಓದಿಸುತ್ತೇವೆ ಅಂದರೆ ಸುತ್ತು ಸತ್ತ ಹಾಗೆ. ಐದು ಜನ ತಲಾ ಮೂರು ನಿಮಿಷ ಮಾತಾಡುತ್ತಾರೆ, ಬರೆದವರಿಗೆ ಕೊನೆಯಲ್ಲಿ ನಾಲ್ಕು ನಿಮಿಷ, ಬದಲಾವಣೆಗೆ ಎರಡು: ಒಂದು ಕಥೆಗೆ 21 ನಿಮಿಷ, ಆರಕ್ಕೆ ಎರಡು ಗಂಟೆ ಮೀರುತ್ತದೆ, ಚಹಾ ಸೇರಿ ಎರಡೂವರೆ. ಒಬ್ಬರು ಗಡಿಯಾರ ಹಿಡಿದು ಕೂರಲೇಬೇಕು.

ತಮ್ಮ ಸರದಿ ಬರುವವರೆಗೆ ಬರೆದವರು ಬಾಯಿ ಬಿಡಬಾರದು. ಮಿಲ್ಫರ್ಡ್ ಪದ್ಧತಿ ಅನ್ನುವುದು ಇದನ್ನೇ. ಇದು ಶಿಕ್ಷೆಯಲ್ಲ. "ಅದು ಯಾಕೆ ಹಾಗಂದ್ರೆ..." ಅಂತ ನೀವು ವಿವರಿಸಲು ಶುರುಮಾಡಿದರೆ ಉಳಿದವರು ಕಥೆ ಬಿಟ್ಟು ನಿಮ್ಮ ವಿವರಣೆಗೆ ಉತ್ತರ ಕೊಡುತ್ತಾರೆ. ಮನೆಯಲ್ಲಿ ಕೂತು ಓದುವವರಿಗೆ ನಿಮ್ಮ ವಿವರಣೆ ಸಿಗುವುದಿಲ್ಲವಲ್ಲ. ಇನ್ನೊಂದು ಕಾಯಿಲೆ, ಮೊದಲು ಮಾತಾಡಿದವರ ಅಭಿಪ್ರಾಯವನ್ನೇ ಎಲ್ಲರೂ ತಿರುಗಿಸಿ ಹೇಳುವುದು. ಮಾತು ಶುರುವಾಗುವ ಮುನ್ನ ಪ್ರತಿಯೊಬ್ಬರೂ ಎರಡು ಸಾಲು ಬರೆದಿಟ್ಟುಕೊಂಡರೆ ಅದು ಅರ್ಧ ಕಡಿಮೆಯಾಗುತ್ತದೆ.

ನಿಮ್ಮ ಬರಹದ ತಲೆಯ ಮೇಲೆ ಒಂದೇ ಒಂದು ಪ್ರಶ್ನೆ ಬರೆಯಿರಿ. "ಹೇಗಿದೆ?" ಅಲ್ಲ. "ಎರಡನೇ ದೃಶ್ಯದಲ್ಲಿ ಭಾನುಮತಿಯ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆಯೇ?" ಇಂಥದ್ದು. ಬಲಗಡೆ ಎರಡು ಇಂಚು ಅಂಚು ಬಿಟ್ಟು ಪ್ರಿಂಟ್ ತೆಗೆಸಿ, ಟಿಪ್ಪಣಿಗೆ ಜಾಗ ಬೇಕು.

ಫ್ಯಾನ್ ಫಿಕ್ಷನ್‌ಗೆ ಮಾತ್ರ ಇರುವ ಒಂದು ತೊಡಕಿದೆ. ಮೂಲವನ್ನು ಅರೆದು ಕುಡಿದವರಿಗೆ ನಿಮ್ಮ ಕಥೆಯ ತೂತು ಕಾಣುವುದಿಲ್ಲ, ಮೂಲವೇ ಅದನ್ನು ತುಂಬಿಬಿಡುತ್ತದೆ. ಅದಕ್ಕೇ ಆರರಲ್ಲಿ ಒಬ್ಬರಾದರೂ ಆ ಧಾರಾವಾಹಿಯನ್ನು ನೋಡದವರಿರಬೇಕು. ಅವರು ಎಲ್ಲಿ ಎಡವಿದರೋ ಅಲ್ಲಿ ನೀವು ಬರೆದಿಲ್ಲ, ಒರಗಿದ್ದೀರಿ ಅಂತ ಲೆಕ್ಕ. "ಪಾತ್ರ ಮೂಲದ ಹಳಿ ತಪ್ಪಿದೆ" ಮತ್ತು "ದೃಶ್ಯ ನಡೆಯುತ್ತಿಲ್ಲ" ಬೇರೆ ಬೇರೆ ದೂರು. ಟಿಪ್ಪಣಿ ತೆಗೆದುಕೊಳ್ಳುವಾಗ ಎರಡು ಕಾಲಂ ಮಾಡಿ.

ಪುಣೆಯ ಕೂಟದಲ್ಲಿ ಮಾತ್ರ ಸಿಗುವ ಒಂದು ಲಾಭ: ಮುಂಬಯಿ ಕಡೆಯಿಂದ ಬರುವವರಲ್ಲಿ ಕರಾವಳಿಯವರು ಹೆಚ್ಚು, ಇಲ್ಲಿಯವರಲ್ಲಿ ಉತ್ತರ ಕರ್ನಾಟಕದವರು ಹೆಚ್ಚು. ನಿಮ್ಮ ಕಥೆಯ ಧಾರವಾಡದ ಅತ್ತೆ "ಬರಲ್ಲ ಹೋಗು" ಅಂತಿದ್ದರೆ ಅದು "ಬರಂಗಿಲ್ಲ ಹೋಗ" ಆಗಬೇಕು ಅಂತ ಹೇಳುವವರು ಅದೇ ಮೇಜಿನಲ್ಲಿ ಕೂತಿರುತ್ತಾರೆ. ಪಿಂಪ್ರಿಯವರನ್ನು ಹಿಡಿದುಕೊಳ್ಳಿ.

ವಾಶಿಯಿಂದ

ಡ್ರ್ಯಾಬಲ್ ಅಂದರೆ ಸರಿಯಾಗಿ 100 ಪದ, ಶೀರ್ಷಿಕೆ ಬಿಟ್ಟು. ಕನ್ನಡದಲ್ಲಿ ಇಲ್ಲೇ ಜಗಳ. "ಓದಿ ಮುಗಿಸಿದ ಮೇಲೆ" ಮೂರು ಪದ, "ಓದಿಮುಗಿಸಿದಮೇಲೆ" ಅಂತ ಅಂಟಿಸಿದರೆ ಕಂಪ್ಯೂಟರಿಗೆ ಒಂದು. "ಹೋಗಿಬಿಟ್ಟಿದ್ದನಂತೆ" ಮಾತ್ರ ಹೇಗೆ ಎಣಿಸಿದರೂ ಒಂದೇ. ಶುರುವಿಗೇ ನಿಯಮ ಒಪ್ಪಿಸಿಕೊಳ್ಳಿ: ಅಚ್ಚಿನಲ್ಲಿ ಸಾಮಾನ್ಯವಾಗಿ ಬಿಡಿಸಿ ಬರೆಯುವುದನ್ನು ಅಂಟಿಸುವಂತಿಲ್ಲ, ಗೆರೆ ಹಾಕಿದ ಜೋಡಿಪದ ಒಂದು. ಮೊದಲ ಕರಡು 130ರ ಹತ್ತಿರ ಬರುತ್ತದೆ, "ಆಗ", "ಮತ್ತೆ", "ತನ್ನ" ಕಿತ್ತರೆ ಇಪ್ಪತ್ತು ಇಳಿಯುತ್ತದೆ. ಕೊನೆಯ ಹತ್ತು ಇಳಿಸುವುದೇ ಕಷ್ಟ.

ಕೋಥ್ರುಡ್‌ನಿಂದ, ಮತ್ತೆ

ನೂರೇ ಅಂತ ಹಟ ಯಾಕೆ? ಆ ಲೆಕ್ಕ ಇಂಗ್ಲಿಷಿನದು. ನಮಗೆ 75 ಇಟ್ಟರೂ ಅಷ್ಟೇ ಕಥೆ ಹಿಡಿಯುತ್ತದೆ.

ವಾಶಿಯಿಂದ

ಝೀನ್‌ನ ಪುಟದ ಲೆಕ್ಕ ನೂರರ ಮೇಲೆ ನಿಂತಿದೆ ಸರ್, ನೋಡಿ. ಎ4 ಮಡಚಿದರೆ ಎ5. ಪುಟ ನಾಲ್ಕರ ಗುಣಕದಲ್ಲೇ ಇರಬೇಕು. ಇಪ್ಪತ್ತೈದು ಡ್ರ್ಯಾಬಲ್, ಪುಟಕ್ಕೆರಡು, 13 ಪುಟ. ಮುಖಪುಟ, ಕಾವ್ಯನಾಮಗಳ ಪಟ್ಟಿ, ಹಿಂಬದಿ ಸೇರಿ 16. ಅಂದರೆ ಪ್ರತಿಗೆ ನಾಲ್ಕು ಹಾಳೆ, ಮೂವತ್ತು ಪ್ರತಿಗೆ 120. ಅಕ್ರೋಬ್ಯಾಟ್ ರೀಡರ್‌ನಲ್ಲಿ ಬುಕ್‌ಲೆಟ್ ಆರಿಸಿದರೆ 16 ಮತ್ತು 1ನೇ ಪುಟ ತಾನೇ ಅಕ್ಕಪಕ್ಕ ಬರುತ್ತವೆ. ಎರಡೂ ಮಗ್ಗುಲು ಪ್ರಿಂಟ್ ಮಾಡುವಾಗ ಚಿಕ್ಕ ಅಂಚಿನ ಮೇಲೆ ತಿರುಗಿಸುವ ಆಯ್ಕೆ ಒತ್ತಿ, ಉದ್ದ ಅಂಚು ಒತ್ತಿದರೆ ಹಿಂದಿನ ಪುಟಗಳೆಲ್ಲ ತಲೆಕೆಳಗು. ಒಂದು ಪ್ರತಿ ತೆಗೆದು ಮಡಚಿ ನೋಡಿದ ಮೇಲೆ ಉಳಿದದ್ದು. ಸಾಧಾರಣ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟುವುದಿಲ್ಲ, ಉದ್ದ ತೋಳಿನದು ಬೇಕು, ಅದನ್ನು ಒಬ್ಬರು ಮನೆಯಿಂದಲೇ ತರಲಿ.

ಭಾನುವಾರದ ಅಂಗಡಿಯನ್ನು ನಂಬಿ ಕೂರಬೇಡಿ. ಶನಿವಾರವೂ ಮಧ್ಯಾಹ್ನ 1ರಿಂದ 4 ಪೇಟೆಯವರ ನಿದ್ದೆ, ಅದು ಪುಣೆಯ ಧರ್ಮ. ಬರವಣಿಗೆ ಶನಿವಾರ ನಾಲ್ಕಕ್ಕೆ ಮುಗಿದರೆ ಸಂಜೆ ಅಪ್ಪಾ ಬಳವಂತ ಚೌಕದ ಕಡೆ ಪ್ರಿಂಟ್ ಆಗುತ್ತದೆ.

ಝೀನ್ ಮಾರಬೇಡಿ, ಕಾಗದದ ಖರ್ಚು ಹಂಚಿಕೊಳ್ಳಿ ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಫ್ಯಾನ್ ಫಿಕ್ಷನ್‌ಗೆ ಅಂತ ವಿನಾಯಿತಿ ಇಲ್ಲ. ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿದ ಮೇಲೂ 60 ವರ್ಷ ಇರುತ್ತದೆ. ಕುಮಾರವ್ಯಾಸನ ದ್ರೌಪದಿ ಎಲ್ಲರಿಗೂ ಸೇರಿದವಳು, ಈಗಿನ ಕಾದಂಬರಿಕಾರರೊಬ್ಬರು ಹೊಸದಾಗಿ ಕಟ್ಟಿಕೊಟ್ಟ ದ್ರೌಪದಿಯ ಪ್ರಸಂಗಗಳು ಹಾಗಲ್ಲ. ಧಾರಾವಾಹಿ ಕಥೆಯಲ್ಲಿ ಪಾತ್ರದ ಹೆಸರಿರಲಿ, ನಟರ ಹೆಸರು ಬೇಡ, ಮುಖಪುಟದಲ್ಲಿ ಅವರ ಫೋಟೋ ಅಂತೂ ಬೇಡವೇ ಬೇಡ.

ಚೆಂಬೂರಿನಿಂದ

ಪ್ರಯಾಣ. ಡೊಂಬಿವಲಿಯವರಿಗೆ ಬೆಳಗಿನ ಇಂದ್ರಾಯಣಿ ರೈಲು ಸರಿ, ಕಲ್ಯಾಣದಲ್ಲಿ ಹತ್ತಿ. ಸಂಜೆ ಪುಣೆಯಿಂದ ಅದೇ ಗಾಡಿ ವಾಪಸ್ ಇದೆ. ಡೆಕ್ಕನ್ ಕ್ವೀನ್ ಮುಂಬಯಿ ಬಿಡುವುದು ಸಂಜೆ, ಪುಣೆ ಬಿಡುವುದು ಬೆಳಗ್ಗೆ, ಹಾಗಾಗಿ ಶುಕ್ರವಾರವೇ ಹೋಗುವವರಿಗೆ ಮಾತ್ರ. ಶಿವನೇರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್, ಆದರೆ ಭಾನುವಾರ ಸಂಜೆ ಖಂಡಾಲಾ ಘಾಟಿನಲ್ಲಿ ಸಿಕ್ಕಿಬಿದ್ದರೆ ಎಷ್ಟು ಹೊತ್ತು ಅಂತ ಹೇಳಲಾಗದು. ಪುಣೆ ಸ್ಟೇಷನ್‌ನಿಂದ ವನಾಜ್ ಕಡೆಯ ಮೆಟ್ರೋ ಹತ್ತಿ ನಳ ಸ್ಟಾಪ್‌ನಲ್ಲಿ ಇಳಿದರೆ ಎರಂಡವಣೆ, ಗಾಡಿ ಬದಲಿಸಬೇಕಿಲ್ಲ. ಆಗಸ್ಟ್ ಅಂದರೆ ಜಿಟಿಜಿಟಿ ಮಳೆ, ಹಾಳೆಗಳು ಪ್ಲಾಸ್ಟಿಕ್ ಫೋಲ್ಡರಿನಲ್ಲಿರಲಿ. ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂದವರಿಗೆ ಎರಡು ದಿನ ರಾಜಮರ್ಯಾದೆ.

ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ಫೋನಿನ ಹೆಸರು ಈಗಲೇ ಬದಲಿಸಿದೆ. ಮಾಟುಂಗಾದವರಿಗೆ ಒಂದು ಪ್ರಶ್ನೆ: ಸ್ಟೇಪಲ್ ಇಲ್ಲದ ಹಾಳೆ, ಓದುವಾಗ ಕೈ ನಡುಗಿದರೆ?

ಮಾಟುಂಗಾದಿಂದ

ಮಕ್ಕಳು ಪರೀಕ್ಷೆಗೆ ಒಯ್ಯುವ ರೈಟಿಂಗ್ ಪ್ಯಾಡ್ ಇರುತ್ತದಲ್ಲ, ಹಾಳೆಗಳನ್ನು ಅದರ ಮೇಲಿಟ್ಟುಕೊಳ್ಳಿ, ಕ್ಲಿಪ್ ಹಾಕದೆ. ನಡುಕ ಹಾಳೆಗೆ ತಲುಪುವುದಿಲ್ಲ. ಪ್ಯಾಡಿನ ಕೆಳ ಅಂಚನ್ನು ಹೊಟ್ಟೆಗೆ ಆನಿಸಿ ಹಿಡಿಯಿರಿ, ಮೈಕ್ ಹಿಡಿಯಲು ಒಂದು ಕೈ ಖಾಲಿ ಉಳಿಯುತ್ತದೆ.