ಆರು ವಾರಗಳಲ್ಲಿ ಮನೆ ಬದಲಿಸಬೇಕಿದೆ: ಸಿದ್ಧತೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹದಿನೇಳು ವರ್ಷಗಳಿಂದ ಒಂದೇ ಮನೆಯಲ್ಲಿರುವ ನಮ್ಮ ಕುಟುಂಬ ಇನ್ನು ಆರು ವಾರಗಳಲ್ಲಿ ಬೇರೊಂದು ಮನೆಗೆ ಹೋಗಬೇಕಾಗಿದೆ. ನಾನು, ನನ್ನ ಪತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಎಂಬತ್ತು ದಾಟಿದ ನನ್ನ ಅತ್ತೆ, ಹೀಗೆ ಒಟ್ಟು ಐದು ಮಂದಿ. ಹೊಸ ಮನೆ ಈಗಿನದಕ್ಕಿಂತ ಚಿಕ್ಕದು, ಮೂರನೆಯ ಮಹಡಿಯಲ್ಲಿದೆ, ಮೆಟ್ಟಿಲುಗಳು ಇಕ್ಕಟ್ಟಾಗಿವೆ.

ಸಾಗಣೆಯವರನ್ನು ಗೊತ್ತುಮಾಡಿದ್ದೇವೆ. ಆದರೆ ಅದಕ್ಕೆ ಮುಂಚಿನ ಕೆಲಸವನ್ನು ನೆನೆದರೆ ಕೈಕಾಲು ಆಡುವುದಿಲ್ಲ. ಕಳೆದ ಭಾನುವಾರ ಅಟ್ಟದ ಮೇಲಿನ ಒಂದು ಪೆಟ್ಟಿಗೆಯನ್ನು ಇಳಿಸಿ ಬಿಚ್ಚಿದೆ. ಅದರಲ್ಲಿ ದೊಡ್ಡ ಮಗಳ ಮೊದಲ ವರ್ಷದ ಉಡುಪುಗಳು, ಯಾವ ಯಂತ್ರಕ್ಕೆ ಸೇರಿದ್ದೆಂದು ತಿಳಿಯದ ಎರಡು ವೈರುಗಳು, ಮಾವನವರ ಕನ್ನಡಕ ಇವೆಲ್ಲ ಒಟ್ಟಿಗೇ ಇದ್ದವು. ಮೂರು ಗಂಟೆ ಕಳೆದ ಮೇಲೂ ಒಂದನ್ನೂ ಬಿಡಲಾಗದೆ ಎಲ್ಲವನ್ನೂ ಮತ್ತೆ ಅದೇ ಪೆಟ್ಟಿಗೆಗೆ ತುಂಬಿ ಮೇಲಿಟ್ಟೆ. ಇದೇ ರೀತಿಯಲ್ಲಿ ಸಾಗಿದರೆ ಆರು ವಾರವಲ್ಲ, ಆರು ತಿಂಗಳೂ ಸಾಲದು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಮಸ್ಕಾರ. ನೀವು ಆ ಪೆಟ್ಟಿಗೆಯ ಮುಂದೆ ಕಳೆದ ಮೂರು ಗಂಟೆ ವ್ಯರ್ಥವಾಯಿತೆಂದು ಕೊರಗಬೇಡಿ. ಮನೆ ಬದಲಿಸುವುದರಲ್ಲಿ ಕಷ್ಟವಿರುವುದು ಕಟ್ಟುವುದರಲ್ಲಲ್ಲ, ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದರಲ್ಲಿ. ಕಟ್ಟುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ತೀರ್ಮಾನವನ್ನು ಒಪ್ಪಿಸಲು ಬರುವುದಿಲ್ಲ. ಆದ್ದರಿಂದ ಆರು ವಾರಗಳಲ್ಲಿ ಮೊದಲ ಮೂರನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಿ, ಆ ಅವಧಿಯಲ್ಲಿ ಒಂದು ಡಬ್ಬವನ್ನೂ ಕಟ್ಟಬೇಡಿ.

ಅಟ್ಟದಿಂದ ಆರಂಭಿಸುವುದು ತಪ್ಪಲ್ಲ, ಆದರೆ ನೆನಪುಗಳು ತುಂಬಿದ ವಸ್ತುಗಳಿಂದ ಆರಂಭಿಸುವುದು ತಪ್ಪು. ಫೋಟೊ, ಪತ್ರ, ಮಕ್ಕಳ ಹಳೆಯ ಬಟ್ಟೆ, ಹಿರಿಯರು ಬಳಸಿದ ಸಾಮಾನು ಇವನ್ನೆಲ್ಲ ಒಂದು ಕಡೆ ತೆಗೆದಿಟ್ಟು, ಮೂರನೆಯ ವಾರದ ಕೊನೆಯಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಿ. ಮೊದಲಿಗೆ ಮನಸ್ಸಿಗೆ ಭಾರವಾಗದ ವಸ್ತುಗಳನ್ನು ಹಿಡಿಯಿರಿ: ಸ್ನಾನದ ಮನೆಯ ಕಪಾಟು, ಚಪ್ಪಲಿ ಗೂಡು, ಅವಧಿ ಮೀರಿದ ಔಷಧಿ, ಮುಚ್ಚಳ ಕಳೆದುಹೋದ ಡಬ್ಬಿಗಳು. ನಾಲ್ಕು ದಿನ ಇಂಥವುಗಳಲ್ಲಿ ಪಳಗಿದರೆ ‘ಇದು ಬೇಡ’ ಎಂದು ಹೇಳಲು ಬಾಯಿಗೆ ಅಭ್ಯಾಸವಾಗುತ್ತದೆ.

ಇದರ ಜೊತೆಗೇ ಅಳತೆಪಟ್ಟಿ ಹಿಡಿದು ಹೊಸ ಮನೆಗೆ ಒಮ್ಮೆ ಹೋಗಿಬನ್ನಿ. ಕೋಣೆಗಳ ಉದ್ದಗಲವನ್ನು ಎಲ್ಲರೂ ಅಳೆಯುತ್ತಾರೆ. ಆದರೆ ಬೀರು ಸಿಕ್ಕಿಹಾಕಿಕೊಳ್ಳುವುದು ಕೋಣೆಯಲ್ಲಲ್ಲ, ಮೆಟ್ಟಿಲು ತಿರುಗುವ ಕಡೆಯಲ್ಲಿ. ಆ ತಿರುವಿನ ಅಗಲ, ಅಲ್ಲಿ ತಲೆಯ ಮೇಲಿರುವ ಎತ್ತರ, ಮುಂಬಾಗಿಲಿನ ಒಳ ಅಳತೆ ಇವನ್ನು ಬರೆದುಕೊಂಡು ನಿಮ್ಮ ದೊಡ್ಡ ಸಾಮಾನುಗಳ ಅಳತೆಯೊಂದಿಗೆ ತಾಳೆ ನೋಡಿ. ಹಾದುಹೋಗದ ವಸ್ತು ಬಿಚ್ಚಿ ಜೋಡಿಸಲು ಬರುವಂಥದಾದರೆ ಸರಿ, ಇಲ್ಲವಾದರೆ ಅದನ್ನು ಯಾರಿಗೆ ಕೊಡುವುದೆಂದು ಈಗಲೇ ಯೋಚಿಸುವುದು ಒಳ್ಳೆಯದು. ಚೌಕುಳಿ ಕಾಗದದ ಮೇಲೆ ಕೋಣೆಗಳ ನಕ್ಷೆ ಬರೆದು, ಮಂಚ, ಮೇಜು, ಬೀರುಗಳನ್ನು ಅದೇ ಪ್ರಮಾಣದಲ್ಲಿ ಕತ್ತರಿಸಿದ ಚೂರುಗಳನ್ನು ಇಟ್ಟು ನೋಡಿ. ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ, ಯಾವುದಕ್ಕೆ ಜಾಗವಿಲ್ಲವೆಂಬುದು ವಾದವಿಲ್ಲದೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಕಟ್ಟುವ ವಿಷಯಕ್ಕೆ ಬಂದರೆ, ಪುಸ್ತಕಗಳಿಗೆ ಚಿಕ್ಕ ಪೆಟ್ಟಿಗೆ, ದಿಂಬು ಮತ್ತು ಹೊದಿಕೆಗಳಿಗೆ ದೊಡ್ಡ ಪೆಟ್ಟಿಗೆ. ತುಂಬಿದ ಪೆಟ್ಟಿಗೆ ಸುಮಾರು 15 ಕಿಲೋ ಮೀರದಿದ್ದರೆ ಮೂರು ಮಹಡಿ ಹತ್ತುವವರ ಬೆನ್ನೂ ಉಳಿಯುತ್ತದೆ, ಪೆಟ್ಟಿಗೆಯ ತಳವೂ ಉಳಿಯುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ, ಕಪಾಟಿನಲ್ಲಿ ಪುಸ್ತಕ ನಿಲ್ಲಿಸುವಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದಾಗ ಮೇಲಿನವುಗಳ ಭಾರವೆಲ್ಲ ಕೆಳಗಿನ ತಟ್ಟೆಯ ನಡುವಿಗೆ ಬೀಳುತ್ತದೆ. ಬಿಳಿಯ ಪಿಂಗಾಣಿಗೆ ನೇರವಾಗಿ ವೃತ್ತಪತ್ರಿಕೆ ಸುತ್ತಿದರೆ ಶಾಯಿ ಅಂಟುತ್ತದೆ, ಒಳಗೊಂದು ಖಾಲಿ ಕಾಗದವಿರಲಿ. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿ ಕೇಳಿ. ಒಳಗೆ ಸದ್ದಾದರೆ ಇನ್ನೂ ಸಂದಿ ಉಳಿದಿದೆ ಎಂದರ್ಥ, ಹಳೆಯ ಟವೆಲ್ಲು ತುರುಕಿ.

ನನ್ನ ಎರಡನೆಯ ಮನೆ ಬದಲಾವಣೆಯಲ್ಲಿ ಹದಿನಾಲ್ಕು ಪೆಟ್ಟಿಗೆಗಳ ಮುಚ್ಚಳದ ಮೇಲೆ ‘ಅಡುಗೆಮನೆ’ ಎಂದಷ್ಟೇ ಬರೆದಿದ್ದೆ. ಅವನ್ನು ಒಂದರ ಮೇಲೊಂದು ಪೇರಿಸಿದಾಗ ಬರೆದದ್ದೂ ಮರೆಯಾಯಿತು. ಆ ರಾತ್ರಿ ಹನ್ನೊಂದಕ್ಕೆ ಮಗನಿಗೆ ಜ್ವರ ಬಂತು. ಥರ್ಮಾಮೀಟರು ಯಾವುದರಲ್ಲಿದೆಯೆಂದು ತಿಳಿಯದೆ ಮೊಬೈಲಿನ ಬೆಳಕಿನಲ್ಲಿ ಒಂಬತ್ತು ಪೆಟ್ಟಿಗೆ ಕೊಯ್ದೆ. ಅಂದಿನಿಂದ ಪ್ರತಿ ಪೆಟ್ಟಿಗೆಯ ಎರಡು ಬದಿಗಳಲ್ಲಿ ದೊಡ್ಡ ಸಂಖ್ಯೆಯನ್ನೂ, ಅದು ಹೊಸ ಮನೆಯಲ್ಲಿ ಸೇರಬೇಕಾದ ಕೋಣೆಯ ಹೆಸರನ್ನೂ ಬರೆಯುತ್ತೇನೆ, ಒಳಗೇನಿದೆ ಎಂಬುದನ್ನು ನೋಟುಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರಿಗೆ ಬರೆದಿಡುತ್ತೇನೆ. ಲಾರಿಯಿಂದ ಇಳಿದ ಮೇಲೆ ಯಾವುದಾದರೂ ಸಂಖ್ಯೆ ಕಾಣೆಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೊದಲ ಎರಡು ದಿನಗಳ ಔಷಧಿ, ಚಾರ್ಜರು, ಕತ್ತರಿ, ಸೋಪು, ಒಂದು ಜೊತೆ ಬಟ್ಟೆ ಮತ್ತು ಮಲಗಲು ಬೇಕಾದ ಹೊದಿಕೆ ಬೇರೆ ಚೀಲದಲ್ಲಿರಲಿ, ಅದು ನಿಮ್ಮ ಕೈಯಲ್ಲೇ ಬರಲಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲವೂ ಸರಿಯಾಗಿದೆ. ಮನೆಬಳಕೆಯ ಯಂತ್ರಗಳ ರಿಪೇರಿಯಲ್ಲಿ ಬಹಳ ಕಾಲ ಕೆಲಸ ಮಾಡಿದವನಾದ್ದರಿಂದ ಆ ಭಾಗವನ್ನು ನಾನು ಸೇರಿಸುತ್ತೇನೆ.

ಫ್ರಿಜ್ಜನ್ನು ಹೊರಡುವುದಕ್ಕೆ ಒಂದು ದಿನ ಮೊದಲೇ ಆರಿಸಿ, ಖಾಲಿ ಮಾಡಿ, ಬಾಗಿಲು ತೆರೆದಿಟ್ಟು ಮಂಜೆಲ್ಲ ಕರಗಿ ಒಣಗಲು ಬಿಡಬೇಕು. ಹಿಂಬದಿಯಲ್ಲಿ ನೀರು ಸಂಗ್ರಹವಾಗುವ ತಟ್ಟೆಯಿದ್ದರೆ ಅದನ್ನೂ ಬರಿದು ಮಾಡಬೇಕು. ಸಾಗಿಸುವಾಗ ಅದು ನೆಟ್ಟಗೆ ನಿಂತಿರಬೇಕು. ಮಲಗಿಸಿದರೆ ಕಂಪ್ರೆಸರಿನೊಳಗಿನ ಎಣ್ಣೆ ತಂಪುಗೊಳಿಸುವ ಕೊಳವೆಗಳಿಗೆ ಹರಿದುಬಿಡುತ್ತದೆ. ಆ ಸ್ಥಿತಿಯಲ್ಲಿ ತಕ್ಷಣ ಚಾಲೂ ಮಾಡಿದರೆ ಕಂಪ್ರೆಸರು ಎಣ್ಣೆಯಿಲ್ಲದೆ ಓಡಿ ಹಾಳಾಗಬಹುದು. ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಬೇರೆ ದಾರಿಯಿಲ್ಲದೆ ವಾಲಿಸಬೇಕಾಗಿ ಬಂದರೆ, ಒಳಗೆ ತಂದು ನಿಲ್ಲಿಸಿದ ಮೇಲೆ ಎಣ್ಣೆ ಇಳಿಯಲು ಹಲವು ಗಂಟೆ ಬಿಡಿ, ಬಹಳ ಹೊತ್ತು ಮಲಗಿಸಿದ್ದರೆ 24 ಗಂಟೆ ಕಾಯುವುದು ಕ್ಷೇಮ.

ಬಟ್ಟೆಯನ್ನು ಮುಂದಿನಿಂದ ಹಾಕುವ (ಫ್ರಂಟ್ ಲೋಡ್) ವಾಷಿಂಗ್ ಮಷೀನ್ ಇದ್ದರೆ ಅದನ್ನು ಮೊದಲು ತಂದಾಗ ಹಿಂಬದಿಯಿಂದ ಬಿಚ್ಚಿ ತೆಗೆದ ಉದ್ದನೆಯ ಬೋಲ್ಟುಗಳನ್ನು ಈಗ ಹುಡುಕಿ. ಅದರ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ, ಆ ಬೋಲ್ಟುಗಳನ್ನು ಹಾಕದೆ ಲಾರಿಗೇರಿಸಿದರೆ ಪ್ರತಿ ಕುಲುಕಿಗೂ ಡ್ರಮ್ಮು ಒಳಗೋಡೆಗೆ ಬಡಿಯುತ್ತದೆ. ಕಳೆದುಹೋಗಿದ್ದರೆ ನಿಮ್ಮ ಯಂತ್ರದ ಮಾದರಿ ಸಂಖ್ಯೆ ಹೇಳಿ ಬೇರೆಯದನ್ನು ತರಿಸಲು ನೋಡಿ. ಅದಕ್ಕೆ ಸಮಯ ಹಿಡಿಯುವುದರಿಂದ ಕೊನೆಯ ವಾರಕ್ಕೆ ಉಳಿಸಬೇಡಿ. ಹೊಸ ಮನೆಯಲ್ಲಿ ಯಂತ್ರ ಓಡಿಸುವ ಮುನ್ನ ಅವನ್ನು ಮತ್ತೆ ತೆಗೆಯುವುದನ್ನೂ ಮರೆಯಬಾರದು.

ಟಿವಿಯನ್ನು ಎಂದಿಗೂ ಮಲಗಿಸಬೇಡಿ. ಅದರ ಹಿಂದಿನ ವೈರುಗಳನ್ನು ಕಳಚುವ ಮೊದಲು ಒಂದು ಫೋಟೊ ತೆಗೆದುಕೊಂಡರೆ ಮರಳಿ ಜೋಡಿಸುವಾಗ ಅರ್ಧ ಗಂಟೆ ಉಳಿಯುತ್ತದೆ. ಕಂಪ್ಯೂಟರಿನಲ್ಲಿರುವ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿ, ಆ ಪ್ರತಿಯನ್ನು ಅದೇ ಲಾರಿಯಲ್ಲಿ ಕಳುಹಿಸಬೇಡಿ. ಮಂಚ, ಬೀರುಗಳ ಬೋಲ್ಟು ಮತ್ತು ಸ್ಕ್ರೂಗಳನ್ನು ಆಯಾ ಸಾಮಾನಿಗೇ ಚೀಲದಲ್ಲಿ ಕಟ್ಟಿ ಅಂಟಿಸಬೇಕೆಂದು ಹಲವರು ಹೇಳುತ್ತಾರೆ. ಅಂಟಿಸಿದ ಚೀಲ ಉಜ್ಜಿ ಹರಿದು, ಬೋಲ್ಟುಗಳು ಲಾರಿಯ ತಳದಲ್ಲಿ ಉದುರಿದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಎಲ್ಲ ಚೀಲಗಳಿಗೂ ಹೆಸರು ಬರೆದು ಒಂದೇ ಡಬ್ಬಿಯಲ್ಲಿ ಹಾಕಿ ಕೈಯಲ್ಲೇ ಒಯ್ಯುವುದು ನನಗೆ ಸರಿಯೆನಿಸುತ್ತದೆ. ಗ್ಯಾಸ್ ಸಿಲಿಂಡರು, ಪೆಟ್ರೋಲು, ಬಣ್ಣ, ಸ್ಪಿರಿಟ್ಟು, ಬೆಂಕಿಪೊಟ್ಟಣ ಇವು ಯಾವ ಕಾರಣಕ್ಕೂ ಮನೆಸಾಮಾನಿನ ಲಾರಿಗೆ ಹೋಗಬಾರದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ವಾಷಿಂಗ್ ಮಷೀನಿನ ಬೋಲ್ಟುಗಳು ಸಿಕ್ಕಿದವು, ನಾನು ಬಿಚ್ಚಿದ ಆ ಅಟ್ಟದ ಪೆಟ್ಟಿಗೆಯಲ್ಲೇ ಇದ್ದವು. ಇನ್ನೊಂದು ವಿಷಯ ಕೇಳಬೇಕಿತ್ತು. ಅತ್ತೆಯವರು ತಮ್ಮ ಕೋಣೆಯ ಒಂದು ವಸ್ತುವನ್ನೂ ಮುಟ್ಟಲು ಬಿಡುತ್ತಿಲ್ಲ. ಒತ್ತಾಯಿಸಲು ಮನಸ್ಸು ಬಾರದು, ಹಾಗೆಯೇ ಬಿಟ್ಟರೆ ಕೆಲಸ ಸಾಗದು. ಏನು ಮಾಡಬಹುದು?

ಮೂರನೆಯ ಉತ್ತರ

ಅಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿದ್ದಾಗ ನಾವು ಮನೆ ಬದಲಿಸಿದೆವು, ಆದ್ದರಿಂದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಾವು ಮಾಡಿದ ಮೊದಲ ತಪ್ಪೆಂದರೆ, ಅವರಿಗೆ ಆಯಾಸವಾಗಬಾರದೆಂಬ ಕಾಳಜಿಯಿಂದ ಅವರು ಸಂಬಂಧಿಕರ ಮನೆಗೆ ಹೋಗಿದ್ದಾಗ ಅವರ ಕಪಾಟನ್ನು ಖಾಲಿ ಮಾಡಿದ್ದು. ಹಿಂದಿರುಗಿದ ಅಮ್ಮ ಬರಿದಾದ ಕಪಾಟಿನ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ನೋಡಿದರು. ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ನೋವಾಗುತ್ತದೆ.

ನಿಮ್ಮ ಅತ್ತೆಯವರ ಕೋಣೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕಟ್ಟಿ, ಎಲ್ಲಕ್ಕಿಂತ ಮೊದಲು ಬಿಚ್ಚಿ. ಲಾರಿಯಲ್ಲಿ ಕೊನೆಗೆ ಏರಿದ್ದು ಮೊದಲು ಇಳಿಯುವುದರಿಂದ ಇದು ಸುಲಭವಾಗಿಯೇ ಹೊಂದುತ್ತದೆ. ‘ಏನನ್ನು ಬಿಡೋಣ’ ಎಂದು ಕೇಳುವ ಬದಲು ‘ಹೊಸ ಕೋಣೆಯಲ್ಲಿ ನಿಮ್ಮ ಕೈಗೆ ಹತ್ತಿರ ಯಾವುದಿರಬೇಕು’ ಎಂದು ಕೇಳಿ. ಮೇಲೆ ಹೇಳಿದ ಕಾಗದದ ನಕ್ಷೆಯಲ್ಲಿ ಅವರ ಮಂಚ ಎಲ್ಲಿರಬೇಕೆಂಬುದನ್ನು ಅವರೇ ತೋರಿಸಲಿ. ಕೋಣೆ ಈಗ ಇರುವ ಹಾಗೆಯೇ ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆದಿಟ್ಟುಕೊಂಡು, ಮಂಚದ ಯಾವ ಪಕ್ಕದಲ್ಲಿ ದೀಪ, ಯಾವ ಪಕ್ಕದಲ್ಲಿ ನೀರಿನ ಲೋಟ ಎಂಬುದನ್ನು ಹೊಸ ಕೋಣೆಯಲ್ಲೂ ಹಾಗೆಯೇ ಜೋಡಿಸಿ. ವಯಸ್ಸಾದವರು ರಾತ್ರಿ ಎದ್ದಾಗ ಅಭ್ಯಾಸದ ಕಡೆಗೇ ಕಾಲಿಡುತ್ತಾರೆ. ಮಂಚದಿಂದ ಶೌಚಾಲಯದವರೆಗಿನ ದಾರಿಯಲ್ಲಿ ಮೊದಲ ದಿನವೇ ಮಂದ ಬೆಳಕಿರಲಿ, ಅಲ್ಲಿ ಒಂದು ಪೆಟ್ಟಿಗೆಯನ್ನೂ ಇಡಬೇಡಿ. ಸಾಮಾನು ಇಳಿಯುವ ದಿನ ಅವರು ಪರಿಚಯದವರೊಬ್ಬರ ಜೊತೆ ಬೇರೆಡೆ ಕುಳಿತಿದ್ದು, ಕೋಣೆ ಸಿದ್ಧವಾದ ಮೇಲೆ ಬಂದರೆ ಉತ್ತಮ. ಅವರ ಔಷಧಿ ಲಾರಿಗೆ ಹೋಗುವುದೇ ಬೇಡ. ಬಳಸದ ಇನ್ಸುಲಿನ್ ಇದ್ದರೆ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಫ್ರಿಜ್ಜು ಆರಿರುವ ಆ ಎರಡು ದಿನಗಳಿಗೆ ಬೇರೆ ಏರ್ಪಾಡು ಬೇಕಾಗುತ್ತದೆ.

ನಾಲ್ಕನೆಯ ಉತ್ತರ

ಸಾಗಣೆಯವರನ್ನು ಗೊತ್ತುಮಾಡಿದ್ದೇವೆ ಎಂದಿರುವಿರಿ. ಮಾತು ಬಾಯಲ್ಲಿ ಆಗಿದೆಯೋ ಬರಹದಲ್ಲಿ ಆಗಿದೆಯೋ ಎಂಬುದನ್ನು ಒಮ್ಮೆ ನೋಡಿ. ಮೂರನೆಯ ಮಹಡಿಯೆಂಬುದು, ಮೆಟ್ಟಿಲು ಇಕ್ಕಟ್ಟೆಂಬುದು, ಮಂಚ ಬಿಚ್ಚಿ ಜೋಡಿಸುವುದು ಯಾರ ಕೆಲಸವೆಂಬುದು, ಲಾರಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ದೂರವೆಂಬುದು ಆ ಕಾಗದದಲ್ಲಿರಬೇಕು. ನಾವು ಇದನ್ನು ಬರೆಸಿಕೊಳ್ಳದೆ ಹೋಗಿದ್ದೆವು. ಸಾಮಾನನ್ನೆಲ್ಲ ಕೆಳಗೆ ರಸ್ತೆಯ ಬದಿಯಲ್ಲಿ ಇಳಿಸಿ, ಮೇಲಕ್ಕೆ ಹೊರುವುದು ನಮ್ಮ ಒಪ್ಪಂದದಲ್ಲಿಲ್ಲ ಎಂದರು; ಕತ್ತಲಾಗುತ್ತಿದ್ದ ಆ ಹೊತ್ತಿನಲ್ಲಿ ಅವರು ಕೇಳಿದಷ್ಟನ್ನು ಕೊಡದೆ ಬೇರೆ ದಾರಿಯಿರಲಿಲ್ಲ.

ವಿಮೆ ಮಾಡಿಸುವುದಾದರೆ, ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದ ವಸ್ತುವಿಗೆ ಪರಿಹಾರ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಏಕೆಂದರೆ ಬಹಳಷ್ಟು ವಿಮೆಗಳಲ್ಲಿ ಅದು ಸೇರಿರುವುದಿಲ್ಲ. ಬೆಲೆಬಾಳುವ ಸಾಮಾನುಗಳ ಈಗಿನ ಸ್ಥಿತಿಯನ್ನು ಫೋಟೊ ತೆಗೆದಿಡಿ, ಇಳಿಸಿಕೊಂಡ ಮೇಲೆ ಪೆಟ್ಟಾದದ್ದೇನಾದರೂ ಕಂಡರೆ ರಸೀದಿಯ ಮೇಲೆ ಬರೆದು ನಂತರ ಸಹಿ ಹಾಕಿ. ಮನೆಯ ಪತ್ರಗಳು, ಪ್ರಮಾಣಪತ್ರಗಳು, ಒಡವೆ ಇವು ನಿಮ್ಮ ಮಡಿಲಲ್ಲೇ ಇರಲಿ. ಬ್ಯಾಂಕು, ವಿಮೆ, ಶಾಲೆ, ಅಂಚೆ ಇವುಗಳಿಗೆ ವಿಳಾಸ ಬದಲಾವಣೆಯನ್ನು ತಿಳಿಸಲು ಕೊನೆಯ ಎರಡು ವಾರ ಸಾಕು.

ಲಾರಿ ಹೊರಡುವುದಕ್ಕೆ ಮೊದಲು ಒಬ್ಬರು ಹಳೆಯ ಮನೆಯೊಳಗೆ ಮತ್ತೊಮ್ಮೆ ಹೋಗಿ ಪ್ರತಿ ಕಪಾಟಿನ ಬಾಗಿಲು ತೆರೆಯಲಿ, ಅಟ್ಟದ ಮೂಲೆಗೆ ಕೈಹಾಕಿ ತಡವಲಿ, ಬಾಗಿಲುಗಳ ಹಿಂದಿನ ಕೊಕ್ಕೆಗಳನ್ನು ನೋಡಲಿ. ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂಕಿ ಕಾಣುವಂತೆ ಫೋಟೊ ತೆಗೆದು, ಹೊಸ ಮನೆಯ ಬಾಗಿಲು ತೆರೆದ ಕೂಡಲೇ ಅಲ್ಲಿನ ಮೀಟರುಗಳದ್ದನ್ನೂ ತೆಗೆದುಕೊಳ್ಳಿ.